ಜಾನ್ ವೆಸ್ಲಿಯವರೂ ವಾರದ ಪೆನ್ನಿಯೂ

ಇಂಗ್ಲೆಂಡ್ ದೇಶದ ಪೂರ್ವಭಾಗದಲ್ಲಿ, ಲಿಂಕನ್‌ಷೈರ್ ಎಂಬ ಸೀಮೆಯಲ್ಲಿ, ಎಪ್ವರ್ತ್ ಎಂಬ ಚಿಕ್ಕ ಊರುಂಟು. ಆ ಊರಿನ ಸಭಾಪಾಲಕರಾಗಿದ್ದ ಸಾಮುವೇಲ್ ವೆಸ್ಲಿಯವರಿಗೂ ಅವರ ಪತ್ನಿ ಸುಸನ್ನಮ್ಮನವರಿಗೂ ಹುಟ್ಟಿದ ಮಕ್ಕಳು ಹತ್ತೊಂಬತ್ತು ಮಂದಿ. ಇವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ಶೈಶವದಲ್ಲಿಯೇ ತೀರಿಹೋದರು. ಇವರಲ್ಲಿ ಹದಿನೈದನೆಯವರಾಗಿ 1703ನೆಯ ಇಸವಿ ಜೂನ್ ತಿಂಗಳ 17ನೆಯ ತಾರೀಖಿನಲ್ಲಿ ಹುಟ್ಟಿದವರೇ ಮೆಥಡಿಸ್ಟ್ ಸಭೆಗೆ ಮೂಲಪುರುಷರಾದ ಜಾನ್ ವೆಸ್ಲಿಯವರು. ಅವರ ಹೆಸರನ್ನು ಕೇಳದವರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರೂ ಇರಲಾರರು. ಆದರೆ ಕುದುರೆಯ ಮೇಲೆ ಊರೂರು ಸಂಚರಿಸಿದ ಒಬ್ಬ ದೊಡ್ಡ ಬೋಧಕರೆಂದು ಮಾತ್ರ ಅವರನ್ನು ಬಲ್ಲವರೇ ಬಹಳ. ಬಡವನ ಹಸಿವು, ಸಾಲ, ರೋಗ, ಸೆರೆ, ದಾಸತ್ವ ಇವೆಲ್ಲವೂ ದೇವರ ಸಭೆಯ ಸ್ವಂತ ಕೆಲಸಗಳೇ ಎಂದು ಅವರು ತಮ್ಮ ಜನರಿಗೆ ಹೇಗೆ ಕಲಿಸಿದರೆಂಬದನ್ನು ತಿಳಿದವರು ಕಡಿಮೆ. ಈ ಪುಟಗಳಲ್ಲಿ ಅದನ್ನೇ ಮುಖ್ಯವಾಗಿ ಬರೆಯಬೇಕೆಂದಿದ್ದೇವೆ.

ವೆಸ್ಲಿಯವರ ಮನೆಗೆ ಬಡತನವು ಅಪರಿಚಿತವಾಗಿರಲಿಲ್ಲ. ತಂದೆಯವರು ಒಳ್ಳೇ ವಿದ್ವಾಂಸರು, ಆದರೆ ಮನೆಯ ಲೆಕ್ಕದಲ್ಲಿ ಜಾಣರಲ್ಲ. 1705ನೆಯ ಇಸವಿಯಲ್ಲಿ ಸಾಲವನ್ನು ತೀರಿಸಲಾರದೆ ಲಿಂಕನ್ ಕೋಟೆಯ ಸೆರೆಮನೆಯಲ್ಲಿ ಕೆಲವು ತಿಂಗಳು ಕಳೆದರು. 1709ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ಒಂದು ರಾತ್ರಿ ಮನೆಗೆ ಬೆಂಕಿ ಬಿದ್ದಿತು. ಎಲ್ಲರೂ ಹೊರಗೆ ಓಡಿಬಂದ ಮೇಲೆ ಐದು ವರುಷದ ಜಾನ್ ಮಾತ್ರ ಮೇಲಂತಸ್ತಿನ ಕಿಟಕಿಯಲ್ಲಿ ನಿಂತಿರುವದು ಕಂಡಿತು. ಏಣಿಯನ್ನು ತರುವಷ್ಟು ಸಮಯವಿರಲಿಲ್ಲ. ಒಬ್ಬನ ಹೆಗಲ ಮೇಲೆ ಇನ್ನೊಬ್ಬನು ಹತ್ತಿ ಹುಡುಗನನ್ನು ಈಚೆಗೆ ಎಳೆದುಕೊಂಡ ಕ್ಷಣದಲ್ಲಿಯೇ ಮಾಳಿಗೆಯು ಕುಸಿದುಬಿದ್ದಿತು. ದೇವರು ಈ ಮಗುವನ್ನು ಏನೋ ಒಂದು ಕೆಲಸಕ್ಕಾಗಿ ಉಳಿಸಿದ್ದಾನೆಂದು ತಾಯಿಯು ಅಂದಿನಿಂದ ಮನಸ್ಸಿನಲ್ಲಿ ಇಟ್ಟುಕೊಂಡರು.

ಈ ತಾಯಿಯ ವಿಷಯದಲ್ಲಿ ನಾವು ಸ್ವಲ್ಪ ನಿಧಾನಿಸಲೇಬೇಕು. ಸುಸನ್ನಮ್ಮನವರು ಮನೆಯಲ್ಲಿಯೇ ಶಾಲೆಯನ್ನು ನಡಿಸಿದರು. ಪ್ರತಿಯೊಂದು ಮಗುವಿಗೂ ಐದು ವರುಷ ತುಂಬಿದ ಮಾರಣೆಯ ದಿನ ಅಕ್ಷರಾಭ್ಯಾಸ. ಅಕ್ಷರಮಾಲೆಯನ್ನು ಕಲಿಯುವದಕ್ಕೆ ಒಂದೇ ದಿವಸದ ಅವಧಿ. ದಿನಕ್ಕೆ ಆರು ತಾಸು ಪಾಠ. ವಾರದಲ್ಲಿ ಒಂದೊಂದು ಸಾಯಂಕಾಲ ಒಂದೊಂದು ಮಗುವನ್ನು ಪ್ರತ್ಯೇಕವಾಗಿ ಕರೆದು ಅದರ ಮನಸ್ಸನ್ನು ವಿಚಾರಿಸುತ್ತಿದ್ದರು. ಜಾನನ ಪಾಲಿಗೆ ಬಂದದ್ದು ಗುರುವಾರ. ಇವುಗಳಿಗಿಂತಲೂ ನಮ್ಮಂಥ ಶಾಲೆಯವರ ಮನಸ್ಸಿಗೆ ಹಿಡಿಯತಕ್ಕ ನಿಯಮ ಒಂದುಂಟು. ಅದೇನಂದರೆ, ಹೆಣ್ಣುಮಗುವು ಚೆನ್ನಾಗಿ ಓದಲು ಕಲಿಯುವ ತನಕ ಅದರ ಕೈಗೆ ಸೂಜಿದಾರವನ್ನಾಗಲಿ ಮನೆಗೆಲಸವನ್ನಾಗಲಿ ಕೊಡಕೂಡದು. ಹೊಲಿಗೆ ಮೊದಲು, ಓದು ಆಮೇಲೆ, ಸಾಧ್ಯವಾದರೆ ಎಂದು ಇಂಗ್ಲೆಂಡಿನವರೂ ಎಣಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

1711-12ರ ಚಳಿಗಾಲದಲ್ಲಿ ಗಂಡನು ಸಭಾಕಾರ್ಯಕ್ಕಾಗಿ ಲಂಡನ್ನಿನಲ್ಲಿದ್ದಾಗ, ಸುಸನ್ನಮ್ಮನವರು ಭಾನುವಾರದ ಸಾಯಂಕಾಲ ಅಡಿಗೆಮನೆಯಲ್ಲಿ ಮಕ್ಕಳಿಗೂ ಆಳುಗಳಿಗೂ ಪ್ರಸಂಗವೊಂದನ್ನು ಓದಿ ಪ್ರಾರ್ಥಿಸುತ್ತಿದ್ದರು. ನೆರೆಯವರು ಬಂದು ಸೇರಿಕೊಂಡರು. ಅವರ ಸಂಗಡ ಇನ್ನಷ್ಟು ಜನ. ಕಡೆಗೆ ಇನ್ನೂರರ ತನಕ ಕೂಡಿತು. ಸಹಾಯಕ ಪಾದ್ರಿಯವರಿಗೆ ಇದು ಹಿಡಿಸದೆ ಲಂಡನ್ನಿಗೆ ದೂರು ಹೋಯಿತು. ಆ ತಾಯಿಯು ಗಂಡನಿಗೆ ವಿನಯವಾಗಿಯೇ ಉತ್ತರ ಬರೆದರು, ಆದರೆ ಕೂಟವನ್ನು ನಿಲ್ಲಿಸಲಿಲ್ಲ. ಎಂಟು ವರುಷದ ಜಾನ್ ಆ ಅಡಿಗೆಮನೆಯಲ್ಲಿ ಕೂತಿದ್ದನೆಂಬದನ್ನು ವಾಚಕರು ಮರೆಯಬಾರದು. ಮುಂದೆ ಸ್ತ್ರೀಯರು ಸಭೆಯಲ್ಲಿ ಕೆಲಸಮಾಡಬಹುದೋ ಎಂಬ ಪ್ರಶ್ನೆ ಬಂದಾಗ ಅವರು ಎಷ್ಟೋ ಪಾದ್ರಿಗಳಿಗಿಂತ ಬೇರೆಯಾಗಿ ಯೋಚಿಸಿದ್ದಕ್ಕೆ ಬೇರು ಇಲ್ಲಿದೆಯೆಂದು ನಮಗೆ ತೋರುತ್ತದೆ.

ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯಲ್ಲಿ ಓದಿ, 1720ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವನ್ನು ಸೇರಿ, 1726ರಲ್ಲಿ ಅಲ್ಲಿಯ ಲಿಂಕನ್ ಕಾಲೇಜಿನ ಫೆಲೋ ಆಗಿ, 1728ರಲ್ಲಿ ಆಂಗ್ಲಿಕನ್ ಸಭೆಯ ಪಾದ್ರಿಯಾಗಿ ಅಭಿಷಿಕ್ತರಾದರು. ಅವರ ತಮ್ಮ ಚಾರ್ಲ್ಸ್ ಸಹ ಅಲ್ಲಿಯೇ ಇದ್ದರು. ಕೆಲವರು ಯೌವನಸ್ಥರು ಕೂಡಿ ಗೊತ್ತಾದ ವೇಳೆಯಲ್ಲಿ ಸತ್ಯವೇದವನ್ನು ಓದುವದು, ಉಪವಾಸ ಮಾಡುವದು, ಪ್ರಾರ್ಥಿಸುವದು ಇವುಗಳನ್ನು ಕ್ರಮ ತಪ್ಪದೆ ನಡಿಸುತ್ತಿದ್ದರು. ಇದನ್ನು ನೋಡಿ ಹಾಸ್ಯಮಾಡಿದವರು ಇಟ್ಟ ಅಡ್ಡಹೆಸರೇ ಮೆಥಡಿಸ್ಟರು, ಅಂದರೆ ಕ್ರಮದವರು. 1730ರಲ್ಲಿ ಇವರಲ್ಲೊಬ್ಬರಾದ ವಿಲಿಯಂ ಮಾರ್ಗನ್ ಎಂಬವರ ಪ್ರೇರಣೆಯಿಂದ ಎಲ್ಲರೂ ಆಕ್ಸ್‌ಫರ್ಡ್ ಕೋಟೆಯ ಸೆರೆಮನೆಗೆ ಹೋಗತೊಡಗಿದರು. ಅಲ್ಪ ಸಾಲಕ್ಕಾಗಿ ಕೊಳೆಯುತ್ತಿದ್ದವರ ಸಾಲವನ್ನು ತೀರಿಸಿ ಬಿಡಿಸಿದರು. ಬಡ ಮಕ್ಕಳಿಗಾಗಿ ಒಬ್ಬ ಉಪಾಧ್ಯಾಯಿನಿಗೆ ಸಂಬಳ ಕೊಟ್ಟು ಶಾಲೆಯನ್ನು ನಡಿಸಿದರು.

ಆ ಶಾಲೆಯ ಹುಡುಗಿಯೊಬ್ಬಳು ಚಳಿಗಾಲದ ಒಂದು ದಿವಸ ತೆಳ್ಳಗಿನ ನಾರುಬಟ್ಟೆಯನ್ನುಟ್ಟು ನಡುಗುತ್ತಾ ವೆಸ್ಲಿಯವರ ಕೋಣೆಗೆ ಬಂದಳು. ಏನಾದರೂ ಕೊಡಬೇಕೆಂದು ಜೇಬಿಗೆ ಕೈಹಾಕಿದರೆ ಕಾಸು ಸಾಲದು. ಗೋಡೆಯ ಮೇಲೆ ತಾವು ಹಣಕೊಟ್ಟು ತೂಗಹಾಕಿದ್ದ ಚಿತ್ರಗಳು ಕಣ್ಣಿಗೆ ಬಿದ್ದವು. ಇವು ಈ ಬಡ ಹುಡುಗಿಯ ರಕ್ತವಲ್ಲವೇ ಎಂಬ ಯೋಚನೆಯು ಅವರನ್ನು ಇರಿಯಿತು. ಆಕ್ಸ್‌ಫರ್ಡಿನ ಮೆಥಡಿಸ್ಟನೊಬ್ಬನ ಲೆಕ್ಕವನ್ನು ಅವರು ಮುಂದೆ ಒಂದು ಪ್ರಸಂಗದಲ್ಲಿ ಹೇಳಿದ್ದಾರೆ. ಅದು ಅವರದ್ದೇ ಲೆಕ್ಕವೆಂದು ಎಲ್ಲರೂ ತಿಳಿಯುತ್ತಾರೆ. ಮೊದಲನೆಯ ವರುಷ ವರಮಾನ 30 ಪವುಂಡು. 28ರಲ್ಲಿ ಜೀವಿಸಿ 2 ಪವುಂಡು ದಾನ. ಎರಡನೆಯ ವರುಷ 60. ಖರ್ಚು ಅದೇ 28, ದಾನ 32. ಮೂರನೆಯ ವರುಷ 90; ದಾನ 62. ನಾಲ್ಕನೆಯದರಲ್ಲಿ 120, ದಾನ 92. ವರಮಾನವು ಹೆಚ್ಚಿದ ಹಾಗೆ ನಮ್ಮ ಅಗತ್ಯಗಳೂ ಹೇಗೋ ಹೆಚ್ಚಿಬಿಡುವದನ್ನು ಅನುಭವದಿಂದ ಬಲ್ಲ ನಾವೆಲ್ಲರೂ ಈ ಲೆಕ್ಕವನ್ನು ಎರಡು ಸಾರಿ ಓದತಕ್ಕದ್ದು.

1735ರಲ್ಲಿ ಅಣ್ಣತಮ್ಮಂದಿರು ಅಮೆರಿಕ ಖಂಡದ ಜಾರ್ಜಿಯ ಎಂಬ ಹೊಸ ವಸಾಹತಿಗೆ ಹಡಗು ಹತ್ತಿದರು. ಆ ಸೇವೆಯು ಸಫಲವಾಗಲಿಲ್ಲ. ವೆಸ್ಲಿಯವರ ಕಟ್ಟುನಿಟ್ಟು ಜನರಿಗೆ ಸೇರಲಿಲ್ಲ. ತಾವು ಪ್ರೀತಿಸಿದ್ದ ಸ್ತ್ರೀಯು ಬೇರೊಬ್ಬನನ್ನು ಮದುವೆಯಾದ ಮೇಲೆ ಆಕೆಗೆ ಕರ್ತನ ಭೋಜನವನ್ನು ಕೊಡದೆ ಹೋದದ್ದರಿಂದ ವ್ಯಾಜ್ಯವೂ ಎದ್ದಿತು. 1737ರ ಕೊನೆಯಲ್ಲಿ ಅವರು ಮನಮುರಿದು ಹಿಂದಿರುಗಿದರು. ಆದರೂ ಅಲ್ಲಿಯ ಎರಡು ಸಂಗತಿಗಳನ್ನು ಬಿಡಲಾರೆವು. ಶಾಲೆಯಲ್ಲಿ ಷೂಸು ಹಾಕಿಕೊಂಡ ಮಕ್ಕಳು ಬರಿಗಾಲಿನ ಮಕ್ಕಳನ್ನು ಅಣಕಿಸುತ್ತಿದ್ದರೆಂದೂ, ವೆಸ್ಲಿಯವರು ತಾವೇ ಬರಿಗಾಲಿನಲ್ಲಿ ಬಂದು ಒಂದು ವಾರ ಪಾಠ ಹೇಳಿದ್ದರಿಂದ ಅಣಕವು ನಿಂತುಹೋಯಿತೆಂದೂ ಹೇಳುತ್ತಾರೆ. ಎರಡನೆಯದು ಇದಕ್ಕಿಂತ ಆಳವಾದದ್ದು. ಜಾರ್ಜಿಯದಲ್ಲಿ ಆಗ ಗುಲಾಮರನ್ನು ಇಟ್ಟುಕೊಳ್ಳುವದಕ್ಕೆ ಕಾನೂನಿನ ತಡೆಯಿದ್ದಿತು. ಆದರೆ ನೆರೆಯ ದಕ್ಷಿಣ ಕ್ಯಾರೊಲಿನದಲ್ಲಿ ತೋಟಗಳ ಕೆಲಸವೆಲ್ಲಾ ಗುಲಾಮರದ್ದೇ. ಅಲ್ಲಿ 1737ರಲ್ಲಿ ದಾಸಿಯಾದ ಒಬ್ಬ ಸ್ತ್ರೀಯ ಸಂಗಡ ವೆಸ್ಲಿಯವರು ಮಾತಾಡಿದರು. ಆಕೆಯು ಯಜಮಾನಿಯ ಹಿಂದೆ ದೇವಾಲಯಕ್ಕೆ ಹೋಗುತ್ತಿದ್ದರೂ ಆತ್ಮವೆಂದರೇನೆಂದು ಯಾರೂ ಆಕೆಗೆ ಹೇಳಿರಲಿಲ್ಲ. ಆ ಸಂಭಾಷಣೆಯನ್ನು ಅವರು ದಿನಚರಿಯಲ್ಲಿ ಬರೆದಿಟ್ಟುಕೊಂಡರು. ಬಹಿರಂಗವಾಗಿ ದಾಸತ್ವದ ವಿರುದ್ಧ ಬರೆಯುವದಕ್ಕೆ ಇನ್ನೂ ಮೂವತ್ತೇಳು ವರುಷ ಹಿಡಿಯಿತು.

1738ನೆಯ ಇಸವಿ ಮೇ 24ರ ಸಾಯಂಕಾಲ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ, ಲೂಥರನು ರೋಮಾಪುರದವರ ಪತ್ರಿಕೆಗೆ ಬರೆದ ಪೀಠಿಕೆಯನ್ನು ಯಾರೋ ಓದುತ್ತಿರುವಾಗ, ವೆಸ್ಲಿಯವರ ಅಂತರಂಗದಲ್ಲಿ ಒಂದು ಭರವಸವು ಹುಟ್ಟಿತು. ಇದನ್ನು ನಮ್ಮ ಭಾನುವಾರದ ಶಾಲೆಗಳಲ್ಲಿ ಎಲ್ಲರೂ ಕೇಳಿದ್ದಾರಾದಕಾರಣ ವಿಸ್ತರಿಸುವದಿಲ್ಲ. ಮಾರಣೆಯ ವರುಷ ಏಪ್ರಿಲ್ ತಿಂಗಳಲ್ಲಿ, ಮಿತ್ರರಾದ ವೈಟ್‌ಫೀಲ್ಡರ ಬಲವಂತಕ್ಕೆ ಒಳಗಾಗಿ, ಅವರು ಬ್ರಿಸ್ಟಲ್ ಪಟ್ಟಣದ ಹೊರಗೆ ಬಯಲಿನಲ್ಲಿ ನಿಂತು ಪ್ರಸಂಗಮಾಡಿದರು. ದೇವಾಲಯದ ಗೋಡೆಯ ಹೊರಗೆ ಆತ್ಮಗಳನ್ನು ರಕ್ಷಿಸುವದು ಪಾಪವೆಂಬಷ್ಟು ಮಡಿವಂತರಾಗಿದ್ದ ಅವರಿಗೆ ಇದು ದೊಡ್ಡ ಹೆಜ್ಜೆ. ಸಮೀಪದ ಕಿಂಗ್ಸ್‌ವುಡ್ಡಿನಲ್ಲಿ ಕಲ್ಲಿದ್ದಲ ಗಣಿಯ ಕೂಲಿಗಳು ಸಾವಿರಾರು ಮಂದಿ ಇದ್ದರು. ಅವರಿಗೆ ದೇವಾಲಯವೂ ಇಲ್ಲ, ಶಾಲೆಯೂ ಇಲ್ಲ. ಪಟ್ಟಣದವರಿಗೆ ಅವರನ್ನು ಕಂಡರೆ ಭಯ. ವೆಸ್ಲಿಯವರು ಅವರಲ್ಲಿಗೆ ಹೋದರು.

ಇನ್ನು ಪೆನ್ನಿಯ ಕಥೆ. ನಾವು ಈ ಲೇಖನಕ್ಕೆ ಅದರ ಹೆಸರನ್ನಿಟ್ಟದ್ದಕ್ಕೆ ಕಾರಣವುಂಟು. ಬ್ರಿಸ್ಟಲ್ಲಿನಲ್ಲಿ ಹೊಸ ಕೂಟದ ಮನೆಯನ್ನು ಕಟ್ಟಿದ್ದರಿಂದ ಸಾಲವಾಗಿತ್ತು. 1742ನೆಯ ಇಸವಿ ಫೆಬ್ರವರಿ 15ರಲ್ಲಿ ಅದನ್ನು ತೀರಿಸುವ ವಿಧವನ್ನು ಕುರಿತು ಮುಖ್ಯಸ್ಥರು ಆಲೋಚಿಸುತ್ತಿರುವಾಗ, ಫಾಯ್ ಎಂಬ ಒಬ್ಬ ಕಪ್ತಾನನು ಎದ್ದು, ಸದಸ್ಯರಲ್ಲಿ ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿಯಂತೆ ಕೊಟ್ಟರೆ ಸಾಕೆಂದನು. ಅನೇಕರಿಗೆ ಅಷ್ಟೂ ಶಕ್ತಿಯಿಲ್ಲವೆಂದು ಮತ್ತೊಬ್ಬನು ಆಕ್ಷೇಪಿಸಿದನು. ಹಾಗಾದರೆ ಕಡುಬಡವರಾದ ಹನ್ನೊಂದು ಮಂದಿಯನ್ನು ನನ್ನ ಹೆಸರಿಗೆ ಬರೆಯಿರಿ, ವಾರಕ್ಕೊಮ್ಮೆ ಅವರ ಮನೆಗಳಿಗೆ ಹೋಗಿ ಕೊಟ್ಟದ್ದನ್ನು ತಕ್ಕೊಳ್ಳುತ್ತೇನೆ, ಕೊಡಲಾರದವರದ್ದನ್ನು ನಾನೇ ಹಾಕುತ್ತೇನೆಂದು ಕಪ್ತಾನನು ಒಪ್ಪಿಕೊಂಡನು. ಉಳಿದವರೂ ಹಾಗೆಯೇ ಹಂಚಿಕೊಂಡರು.

ಆ ಕಾಲದಲ್ಲಿ ಪೆನ್ನಿಯೆಂದರೆ ಷಿಲಿಂಗಿನಲ್ಲಿ ಹನ್ನೆರಡನೆಯ ಒಂದು ಪಾಲಾಗಿತ್ತು. ನಮ್ಮ ತಾಯಂದಿರು ಅಡಿಗೆಗೆ ಅಳೆಯುವಾಗ ಮಡಕೆಯಲ್ಲಿ ಬೇರೆಯಾಗಿ ಹಾಕಿಡುತ್ತಿದ್ದ ಹಿಡಿಯಕ್ಕಿಯನ್ನು ಇದಕ್ಕೆ ಹೋಲಿಸಬಹುದು. ಆದರೆ ವಿಶೇಷವು ಹಣದಲ್ಲಿ ಅಲ್ಲ. ಪೆನ್ನಿಗಾಗಿ ಮನೆಮನೆಗೆ ಹೋದವರು ಬರೀ ಪೆನ್ನಿಯನ್ನು ತರಲಿಲ್ಲ. ಇಂಥವನು ಹೆಂಡತಿಯನ್ನು ಹೊಡೆಯುತ್ತಾನೆ, ಇಂಥವಳು ಮೂರು ದಿವಸದಿಂದ ಜ್ವರದಲ್ಲಿ ಬಿದ್ದಿದ್ದಾಳೆ, ಇಂಥ ಮನೆಯಲ್ಲಿ ಒಲೆ ಉರಿಯುವದಿಲ್ಲವೆಂಬ ಸಮಾಚಾರವನ್ನು ತಂದರು. ತಾವು ಬಹುಕಾಲದಿಂದ ಹುಡುಕುತ್ತಿದ್ದ ವಸ್ತು ಇದೇ ಎಂದು ವೆಸ್ಲಿಯವರು ಕೂಡಲೆ ಕಂಡುಕೊಂಡರು. ಸಾಲ ತೀರಿಸುವ ಉಪಾಯವು ಹೀಗೆ ಕ್ಲಾಸ್ ಕೂಟವಾಯಿತು. ಹನ್ನೆರಡು ಮಂದಿಗೆ ಒಬ್ಬ ಲೀಡರ್, ವಾರಕ್ಕೊಮ್ಮೆ ಕೂಡಿಬರುವದು, ಪ್ರತಿಯೊಬ್ಬರ ಆತ್ಮವು ಹೇಗಿದೆಯೆಂದು ವಿಚಾರಿಸುವದು, ಕೊರತೆಯುಳ್ಳವರಿಗೆ ಕಾಣಿಕೆಯಿಂದ ಸಹಾಯಮಾಡುವದು. ಲೀಡರುಗಳಲ್ಲಿ ಸ್ತ್ರೀಯರು ಬಹಳ ಮಂದಿಯಿದ್ದರು. 1743ರಲ್ಲಿ ಅವರು ಅಚ್ಚುಮಾಡಿಸಿದ ಸಂಘದ ನಿಯಮಗಳಲ್ಲಿ ಪ್ರಾರ್ಥನೆ ಉಪವಾಸಗಳ ಸಂಗಡವೇ ಸಾರಾಯಿಯನ್ನು ಮಾರುವದು, ಸುಂಕ ತಪ್ಪಿಸಿದ ಸರಕನ್ನು ಕೊಳ್ಳುವದು, ಅನ್ಯಾಯದ ಬಡ್ಡಿಯನ್ನು ತಕ್ಕೊಳ್ಳುವದು ಇವೆಲ್ಲಾ ನಿಷೇಧಿಸಲ್ಪಟ್ಟವು. ಭಾನುವಾರದ ಕೀರ್ತನೆಗೂ ಸೋಮವಾರದ ಅಂಗಡಿಗೂ ನಡುವೆ ಗೋಡೆಯನ್ನು ಅವರು ಒಪ್ಪಲಿಲ್ಲ.

ಲಂಡನ್ನಿನ ಮೂರ್‌ಫೀಲ್ಡ್ಸಿನಲ್ಲಿ ಹಿಂದೆ ಸರಕಾರದವರು ಪಿರಂಗಿಗಳನ್ನು ಎರಕಹೊಯ್ಯುತ್ತಿದ್ದ ಒಂದು ಹಾಳುಕಟ್ಟಡವಿದ್ದಿತು. ಅದನ್ನು ವೆಸ್ಲಿಯವರು ಕೊಂಡುಕೊಂಡು ದುರಸ್ತು ಮಾಡಿಸಿದರು. ಫೌಂಡರಿ ಎಂಬ ಹಳೆಯ ಹೆಸರೇ ಉಳಿಯಿತು. ಕ್ಲಾಸ್ ಕೂಟಗಳು ತಂದ ಸಮಾಚಾರಗಳಿಗೆಲ್ಲಾ ಇಲ್ಲಿ ಒಂದೊಂದಾಗಿ ಉತ್ತರವು ಹುಟ್ಟಿತು. ರೋಗಿಗಳು ಹೆಚ್ಚು ಕಂಡುಬಂದದ್ದರಿಂದ ಪಟ್ಟಣವನ್ನು ಇಪ್ಪತ್ತಮೂರು ಭಾಗಮಾಡಿ, ಇಬ್ಬಿಬ್ಬರಂತೆ ನಲವತ್ತಾರು ಮಂದಿ ಸಂದರ್ಶಕರು ವಾರಕ್ಕೆ ಮೂರಾವರ್ತಿ ರೋಗಿಗಳನ್ನು ನೋಡುವಂತೆ ಏರ್ಪಡಿಸಿದರು. ವೈದ್ಯರ ಫೀಜು ಬಡವರಿಗೆ ನಿಲುಕದೆ ಇದ್ದದರಿಂದ 1746ರಲ್ಲಿ ಒಬ್ಬ ಔಷಧಿಗಾರನನ್ನೂ ಒಬ್ಬ ಶಸ್ತ್ರವೈದ್ಯನನ್ನೂ ಜತೆಯಲ್ಲಿಟ್ಟುಕೊಂಡು ಔಷಧಾಲಯವನ್ನು ತೆರೆದರು. ಐದು ತಿಂಗಳಲ್ಲಿ ಐನೂರಕ್ಕಿಂತ ಹೆಚ್ಚು ಜನರಿಗೆ ಔಷಧವು ದೊರೆಯಿತು. ಮಾರಣೆಯ ವರುಷ ಮನೆಮದ್ದಿನ ಪುಸ್ತಕವೊಂದನ್ನು ಅಗ್ಗದ ಬೆಲೆಗೆ ಅಚ್ಚುಹಾಕಿಸಿದರು. ಅದರೊಳಗಿನ ಮದ್ದುಗಳಲ್ಲಿ ಕೆಲವನ್ನು ಈಗಿನ ಯಾವ ದಾದಿಯೂ ಒಪ್ಪಲಾರಳು. ಶುದ್ಧವಾದ ನೀರು, ಗಾಳಿ, ನಡಿಗೆ, ಮಿತಾಹಾರ ಇವುಗಳನ್ನು ಕುರಿತ ಬುದ್ಧಿವಾದವು ಮಾತ್ರ ಈಗಲೂ ಸಲ್ಲುತ್ತದೆ. ದಿಕ್ಕಿಲ್ಲದ ಮುದಿ ವಿಧವೆಯರಿಗಾಗಿ ಎರಡು ಸಣ್ಣ ಮನೆಗಳನ್ನು ಬಾಡಿಗೆಗೆ ಹಿಡಿದರು. ವೆಸ್ಲಿಯವರೂ ಇತರ ಬೋಧಕರೂ ಲಂಡನ್ನಿನಲ್ಲಿದ್ದಾಗ ಆ ವಿಧವೆಯರ ಮೇಜಿನಲ್ಲಿಯೇ, ಅವರು ತಿನ್ನುವದನ್ನೇ ತಿನ್ನುತ್ತಿದ್ದರು. ಧರ್ಮಕಾರ್ಯಗಳನ್ನು ಮಾಡುವವರು ಲೋಕದಲ್ಲಿ ಬಹಳ. ಧರ್ಮ ಪಡೆದವರ ಪಂಕ್ತಿಯಲ್ಲಿ ಕೂತು ಊಟಮಾಡುವವರು ಕಡಿಮೆ.

ಕೈಸಾಲದ ನಿಧಿಯ ಸಂಗತಿಯು ಎಲ್ಲಕ್ಕಿಂತ ನಮಗೆ ಮೆಚ್ಚಿಗೆಯಾದದ್ದು. ದುಡಿಯುವ ಬಡವರಿಗೆ ಒಂದೊಂದು ಸಮಯದಲ್ಲಿ ಸ್ವಲ್ಪ ಬಂಡವಾಳವು ಬೇಕಾಗುವದು, ಗಿರವಿಯ ಅಂಗಡಿಗೆ ಹೋಗಲು ಮನಸ್ಸಾಕ್ಷಿಯು ಒಪ್ಪದು, ಬೇರೆ ಕೊಡುವವರಿಲ್ಲ. ವೆಸ್ಲಿಯವರು ಪಟ್ಟಣದ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿ ಭಿಕ್ಷೆಬೇಡಿ 50 ಪವುಂಡುಗಳಷ್ಟು ಕೂಡಿಸಿದರು. ಒಬ್ಬರಿಗೆ 20 ಷಿಲಿಂಗಿಗೆ ಹೆಚ್ಚಾಗಿ ಕೊಡಕೂಡದು. ಮೂರು ತಿಂಗಳೊಳಗೆ ವಾರವಾರವಾಗಿ ತೀರಿಸಬೇಕು. ಒಂದು ವರುಷದಲ್ಲಿ ಈ ಅಲ್ಪ ಮೊತ್ತವೇ ಕೈಯಿಂದ ಕೈಗೆ ತಿರುಗಿ ಸುಮಾರು 250 ಜನರಿಗೆ ಉಪಯೋಗಕ್ಕೆ ಬಂದಿತು. ಮುಂದೆ ಸಾಲದ ಮೇರೆಯನ್ನು ಹೆಚ್ಚಿಸಿದಾಗ ಜೇಮ್ಸ್ ಲಾಕಿಂಗ್ಟನ್ ಎಂಬ ಬಡ ಮೋಚಿಯು 5 ಪವುಂಡು ಪಡೆದು ಹಳೆಯ ಪುಸ್ತಕಗಳ ವ್ಯಾಪಾರವನ್ನು ಬೆಳಿಸಿ, ಕಾಲಕ್ರಮದಲ್ಲಿ ಲಂಡನ್ನಿನ ಮಹಾ ದೊಡ್ಡ ಪುಸ್ತಕದಂಗಡಿಯ ಯಜಮಾನನಾದನು. ಧನಿಕನಾದ ಮೇಲೆ ಮೆಥಡಿಸ್ಟರನ್ನು ಹಾಸ್ಯಮಾಡಿ ಪುಸ್ತಕ ಬರೆದನು. ಮುಪ್ಪಿನಲ್ಲಿ ಪಶ್ಚಾತ್ತಾಪಪಟ್ಟು ಇನ್ನೊಂದನ್ನು ಬರೆದನು. ಸಾಲ ಕೊಡುವಾಗ ಕೃತಜ್ಞತೆಯನ್ನು ಬಡ್ಡಿಯಾಗಿ ಕೇಳುವ ಪದ್ಧತಿಯು ಆ ನಿಧಿಯಲ್ಲಿರಲಿಲ್ಲ.

ಫೌಂಡರಿಯಲ್ಲಿ ಅರುವತ್ತು ಮಕ್ಕಳ ಒಂದು ಶಾಲೆಯೂ ಇದ್ದಿತು. ಅಲ್ಲಿ ಸೈಲಾಸ್ ಟೋಲ್ಡ್ ಎಂಬ ಉಪಾಧ್ಯಾಯರೊಬ್ಬರಿದ್ದರು. ಅವರು ಚಿಕ್ಕಂದಿನಲ್ಲಿ ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿ ನಾವಿಕರಾಗಿದ್ದು, ಅಲ್ಲಿಯ ಕ್ರೂರತ್ವವನ್ನೆಲ್ಲಾ ಕಣ್ಣಾರೆ ಕಂಡವರು. ಒಂದು ಮುಂಜಾನೆ ತಮ್ಮ ಶಾಲೆಯ ಮಕ್ಕಳ ಸಂಗಡ ಕೂತು, ಸೆರೆಯಲ್ಲಿದ್ದವರನ್ನು ನೋಡಲು ಬಾರದವರನ್ನು ಕುರಿತ ವೇದಭಾಗದ ಮೇಲೆ ವೆಸ್ಲಿಯವರ ಪ್ರಸಂಗವನ್ನು ಕೇಳಿದರು. ಅಂದಿನಿಂದ ಹಲವು ವರುಷಗಳ ತನಕ ನ್ಯೂಗೇಟ್ ಸೆರೆಮನೆಗೆ ಹೋಗುವದೇ ಅವರ ವ್ರತವಾಯಿತು. ಮರಣದಂಡನೆ ಹೊಂದಿದವರ ಸಂಗಡ ಬಂಡಿಯಲ್ಲಿ ಗಲ್ಲಿನ ಸ್ಥಳದ ವರೆಗೂ ಕೂತುಕೊಂಡು ಹೋಗುತ್ತಿದ್ದರು. ನಮ್ಮ ವೃತ್ತಿಯವರಲ್ಲಿ ಇಂಥವರೊಬ್ಬರಿದ್ದರೆಂದು ಹೇಳಿಕೊಳ್ಳುವದು ನಮಗೆ ಸಂತೋಷ.

1748ರಲ್ಲಿ ವೆಸ್ಲಿಯವರು ಕಿಂಗ್ಸ್‌ವುಡ್ಡಿನಲ್ಲಿ ಗಂಡುಮಕ್ಕಳ ವಸತಿಶಾಲೆಯನ್ನು ತೆರೆದರು. ಇದನ್ನು ಹೊಗಳಬೇಕೆಂದು ಕೂತರೆ ಲೇಖನಿಯು ಮುಂದಕ್ಕೆ ಹೋಗದು. ನಾಲ್ಕು ಗಂಟೆಗೆ ಏಳಬೇಕು, ರಜವೇ ಇಲ್ಲ, ಆಟವು ಯಾವ ದಿವಸವೂ ಕೂಡದು. ಇಪ್ಪತ್ತು ವರುಷಗಳಿಂದ ಮಕ್ಕಳ ಮಧ್ಯದಲ್ಲಿರುವ ನಾವು, ಮಹಾಪುರುಷರೆಂಬ ಕಾರಣಕ್ಕೆ ಇದನ್ನು ಸರಿಯೆನ್ನಲಾರೆವು. ತಮಗೆ ಮಕ್ಕಳಿಲ್ಲದ ವೆಸ್ಲಿಯವರು ತಾಯಿಯ ಶಾಲೆಯಿಂದ ಕ್ರಮವನ್ನು ತಕ್ಕೊಂಡರು, ಗುರುವಾರದ ಸಾಯಂಕಾಲವನ್ನು ಮರೆತರು.

ಸ್ತ್ರೀಯರ ವಿಷಯದಲ್ಲಿ ಮಾತ್ರ ತಾಯಿಯನ್ನು ಮರೆಯಲಿಲ್ಲ. ಧನಿಕ ವರ್ತಕರ ಮಗಳಾದ ಮೇರಿ ಬೋಸಂಕೆಟ್ ಎಂಬವರು 1763ರಲ್ಲಿ ಲೇಟನ್‌ಸ್ಟೋನ್ ಎಂಬಲ್ಲಿದ್ದ ತಮ್ಮ ಮನೆಯನ್ನೇ ಅನಾಥ ಮಕ್ಕಳ ಆಶ್ರಯವನ್ನಾಗಿ ಮಾಡಿದರು. ಆಕೆಯು ಪ್ರಸಂಗಮಾಡುವದು ತಪ್ಪೆಂದು ಕೆಲವರು ಅಂದಾಗ, 1771ರಲ್ಲಿ ವೆಸ್ಲಿಯವರು ಆಕೆಗೆ ದೇವರಿಂದ ವಿಶೇಷವಾದ ಕರೆಯುಂಟೆಂದು ಒಪ್ಪಿಕೊಂಡರು. ಹೈ ವಿಕಂಬ್ ಎಂಬಲ್ಲಿ ಹ್ಯಾನ ಬಾಲ್ ಎಂಬ ಮೆಥಡಿಸ್ಟ್ ಸ್ತ್ರೀಯು 1769ರಲ್ಲಿಯೇ ಭಾನುವಾರದ ಶಾಲೆಯನ್ನು ಪ್ರಾರಂಭಿಸಿದ್ದರು. ಗ್ಲಾಸ್ಟರಿನಲ್ಲಿ ರಾಬರ್ಟ್ ರೇಕ್ಸರು ತೆರೆದದ್ದು 1780ರಲ್ಲಿ. ರೋಗಿಗಳ ಸಂದರ್ಶನವನ್ನು ಕುರಿತು 1786ರಲ್ಲಿ ಬರೆದ ಪ್ರಸಂಗದಲ್ಲಿ, ಸ್ತ್ರೀಯರು ನೋಡುವದಕ್ಕೆ ಮಾತ್ರ ಇರುವ ಬೊಂಬೆಗಳೆಂಬ ಭಾವನೆಯನ್ನು ಅವರು ಕಟುವಾಗಿ ಖಂಡಿಸಿದರು. ಐಶ್ವರ್ಯವಂತರು ಬಡವರ ಮೇಲೆ ಕನಿಕರವಿಲ್ಲದೆ ಇರುವದಕ್ಕೆ ಕಾರಣವೇನಂದರೆ ಅವರು ಬಡವರ ಮನೆಗೆ ಕಾಲಿಡದೆ ಇರುವದೇ. ಹಣವನ್ನು ಕಳುಹಿಸಿದರೆ ಸಾಲದು, ತಾವೇ ಹೋಗಬೇಕೆಂಬದು ಅವರ ವಾದ.

ವೆಸ್ಲಿಯವರು ನಮ್ಮ ದೇಶವನ್ನು ಕಾಣಲಿಲ್ಲ. ಅವರು ತೀರಿಹೋಗಿ ಮೂವತ್ತು ವರುಷಗಳಾದ ಮೇಲೆ, 1821ರಲ್ಲಿ, ವೆಸ್ಲಿಯನ್ ಮಿಶನ್ನಿನವರು ಬೆಂಗಳೂರಿನಲ್ಲಿ ಕೆಲಸವನ್ನು ಹಿಡಿದರು. ಮೈಸೂರು ಸೀಮೆಯಲ್ಲಿ ಹುಡುಗಿಯರ ಶಾಲೆಗಳೂ, 1906ರಲ್ಲಿ ಮೈಸೂರು ನಗರದಲ್ಲಿ ಸ್ತ್ರೀಯರ ಆಸ್ಪತ್ರೆಯೂ ಆ ಕೆಲಸದಿಂದ ಉಂಟಾದವು. ಚೀಲವನ್ನು ಹೆಗಲಿಗೆ ಹಾಕಿಕೊಂಡು ಬೀದಿಬೀದಿಯಲ್ಲಿ ಮನೆಯೊಳಗಿನ ಹೆಂಗಸರಿಗೆ ಅಕ್ಷರ ಕಲಿಸಿದ ಬೈಬಲ್ ಸ್ತ್ರೀಯರನ್ನು ನಮ್ಮ ಹಿರಿಯರು ಕಂಡಿದ್ದರು. ಫೌಂಡರಿಯ ಆ ನಲವತ್ತಾರು ಸಂದರ್ಶಕರಿಗೆ ಇವರು ತಂಗಿಯರೇ ಸರಿ.

ವೆಸ್ಲಿಯವರ ಸ್ವಂತ ಸಂಸಾರವು ಸುಖಕರವಾಗಿರಲಿಲ್ಲ. 1751ರಲ್ಲಿ ಒಬ್ಬ ವಿಧವೆಯನ್ನು ಮದುವೆಯಾದರು. ಸದಾ ಸಂಚಾರದಲ್ಲಿರುವ ಗಂಡನಿಗೂ ಸಂಶಯಪಡುವ ಹೆಂಡತಿಗೂ ಹೊಂದಿಕೆಯಾಗದೆ ಕಡೆಗೆ ಬೇರೆಬೇರೆಯಾದರು. ತಪ್ಪು ಒಂದೇ ಕಡೆಯದೆಂದು ನಾವು ನಂಬುವದಿಲ್ಲ. ಜೀವಮಾನದಲ್ಲಿ ಎರಡೂವರೆ ಲಕ್ಷ ಮೈಲಿ ಪ್ರಯಾಣಮಾಡಿ ನಲವತ್ತು ಸಾವಿರ ಪ್ರಸಂಗಗಳನ್ನು ಮಾಡಿದರೆಂದು ಅಂದಾಜು. ಕಲ್ಲೆಸೆತ, ದೊಂಬಿ ಇವುಗಳಿಗೆ ಲೆಕ್ಕವಿಲ್ಲ.

1759ರಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಯುದ್ಧವು ನಡೆಯುತ್ತಿತ್ತು. ಬ್ರಿಸ್ಟಲ್ಲಿನ ಹತ್ತಿರ ನೋಲ್ ಎಂಬಲ್ಲಿ ಸುಮಾರು 1,100 ಫ್ರೆಂಚ್ ಸೆರೆಯವರು ಕೊಳಕು ಹುಲ್ಲಿನ ಮೇಲೆ, ಚಿಂದಿ ಬಟ್ಟೆಯಲ್ಲಿ, ಚಳಿಗೆ ಸಾಯುತ್ತಿದ್ದರು. ಅಕ್ಟೋಬರ್ ತಿಂಗಳಲ್ಲಿ ವೆಸ್ಲಿಯವರು ನಡೆದುಹೋಗಿ ಅವರನ್ನು ನೋಡಿ, ಅದೇ ಸಾಯಂಕಾಲ ಪರದೇಶಸ್ಥನನ್ನು ಪೀಡಿಸಬಾರದೆಂಬ ಮೋಶೆಯ ಆಜ್ಞೆಯ ಮೇಲೆ ಪ್ರಸಂಗಮಾಡಿದರು. ಕೂಡಲೆ 18 ಪವುಂಡು, ಮಾರಣೆಯ ದಿನಕ್ಕೆ 24 ಪವುಂಡು ಕೂಡಿತು. ಅರಿವೆಯನ್ನು ಕೊಂಡು ಅಂಗಿ ಷರಾಯಿಗಳನ್ನು ಹೊಲಿಸಿ, ಕಾಲುಚೀಲಗಳನ್ನೂ ಕೂಡಿಸಿ ಹಂಚಿದರು. ಆ ಹಣವನ್ನು ಕೊಟ್ಟವರಲ್ಲಿ ಮಕ್ಕಳನ್ನು ಯುದ್ಧಕ್ಕೆ ಕಳುಹಿಸಿದ ತಾಯಂದಿರೂ ಇದ್ದಿರಬೇಕು.

ಮುಪ್ಪು ಬಂದ ಹಾಗೆಲ್ಲಾ ಅವರು ದುಃಖವನ್ನು ನೋಡುವದರಲ್ಲಿ ತೃಪ್ತರಾಗದೆ ಅದರ ಕಾರಣವನ್ನು ಹುಡುಕತೊಡಗಿದರು. ರಾಜಕೀಯದಲ್ಲಿ ಅವರು ರಾಜಪಕ್ಷದವರು. ಅಮೆರಿಕದವರ ಸ್ವಾತಂತ್ರ್ಯದ ಹೋರಾಟಕ್ಕೆ ವಿರೋಧಿಗಳು. ಆದರೂ 1773ರಲ್ಲಿ ಧಾನ್ಯದ ಅಭಾವವನ್ನು ಕುರಿತು ಬರೆದ ಸಣ್ಣ ಪುಸ್ತಕದಲ್ಲಿ ದೊಡ್ಡವರನ್ನು ಬಿಡಲಿಲ್ಲ. ನಾಯಿ ಬಿಟ್ಟ ಎಲುಬುಗಳನ್ನು ಆಯ್ದು ಸಾರು ಕಾಸಿಕೊಳ್ಳುವವರನ್ನು ತಾವು ಕಂಡಿರುವದಾಗಿ ಬರೆದು, ಇದು ಏತಕ್ಕೆಂದು ಕೇಳಿದರು. ಗೋದಿಯು ಸಾರಾಯಿ ಬಟ್ಟಿಗೆ ಹೋಗುತ್ತದೆ. ಓಟ್ಸ್ ಸಿರಿವಂತರ ರಥದ ಕುದುರೆಗಳ ಹೊಟ್ಟೆಗೆ ಹೋಗುತ್ತದೆ. ಸಣ್ಣ ಹೊಲಗಳನ್ನು ದೊಡ್ಡವು ನುಂಗುತ್ತವೆ. ತೆರಿಗೆಯ ಭಾರವು ಎಲ್ಲರ ಮೇಲೆ ಬೀಳುತ್ತದೆಂದು ವಿವರಿಸಿದರು. ಅವರ ಅಂಕೆಗಳಲ್ಲಿ ಕೆಲವು ಉತ್ಪ್ರೇಕ್ಷೆಯಿರಬಹುದು. ಆದರೆ ಬಡವನು ಸೋಮಾರಿಯಾದಕಾರಣವೇ ಬಡವನೆಂಬ ಮಾತನ್ನು ಅವರು ಸುಳ್ಳೆಂದೇ ತಿಳಿದಿದ್ದರು.

1772ರಲ್ಲಿ ಫಿಲಡೆಲ್ಫಿಯದ ಆಂಟನಿ ಬೆನೆಜೆಟ್ ಎಂಬ ಉಪಾಧ್ಯಾಯರು ಗುಲಾಮರ ವ್ಯಾಪಾರವನ್ನು ಕುರಿತು ಬರೆದ ಪುಸ್ತಕವು ಅವರ ಕೈಗೆ ಬಂದಿತು. 1774ರಲ್ಲಿ ವೆಸ್ಲಿಯವರು ತಾವೇ ಒಂದು ಪುಸ್ತಕವನ್ನು ಪ್ರಕಟಿಸಿದರು. ಕಾನೂನು ಒಪ್ಪಿದರೆ ಅನ್ಯಾಯವು ನ್ಯಾಯವಾಗದೆಂದೂ, ಮನುಷ್ಯನ ರಕ್ತದಿಂದ ಕೊಳ್ಳುವ ಸಂಪತ್ತಿಗಿಂತ ದಾರಿದ್ರ್ಯವೇ ಲೇಸೆಂದೂ ವಾದಿಸಿ, ಹಡಗಿನ ಕಪ್ತಾನರಿಗೆ, ವರ್ತಕರಿಗೆ, ತೋಟದ ಧಣಿಗಳಿಗೆ ಪ್ರತ್ಯೇಕ ಪ್ರತ್ಯೇಕವಾಗಿ ಪ್ರಶ್ನೆ ಹಾಕಿದರು. ಬ್ರಿಸ್ಟಲ್ ಪಟ್ಟಣದ ದೊಡ್ಡ ಮನೆಗಳನೇಕವು ಈ ವ್ಯಾಪಾರದಿಂದಲೇ ಎದ್ದವುಗಳು. ಅಲ್ಲಿಯೇ, ಆ ಪೆನ್ನಿಯ ಕೂಟದ ಮನೆಯಲ್ಲಿಯೇ, 1788ರ ಮಾರ್ಚಿಯಲ್ಲಿ, ಮುಂಚಿತವಾಗಿ ಸಾರಿ, ಈ ವಿಷಯದ ಮೇಲೆ ಪ್ರಸಂಗಮಾಡಿದರು. ನಡುವೆ ಏಕಾಏಕಿ ಭಯಂಕರವಾದ ಗದ್ದಲವೆದ್ದು, ಜನರು ಒಬ್ಬರ ಮೇಲೊಬ್ಬರು ಬಿದ್ದು, ಬೆಂಚುಗಳು ಮುರಿದವು. ಕಾರಣವು ಯಾರಿಗೂ ತಿಳಿಯಲಿಲ್ಲ. ಆರು ನಿಮಿಷಗಳಲ್ಲಿ ಎಲ್ಲವೂ ಶಾಂತವಾಯಿತು. ಅವರು ಪ್ರಸಂಗವನ್ನು ಮುಂದುವರಿಸಿದರು. ಆಗ ಅವರಿಗೆ ಎಂಭತ್ತನಾಲ್ಕು ವರುಷ.

ಅವರ ಹೆಸರನ್ನು ಹೊತ್ತ ಸಭೆಯೆಲ್ಲಾ ಅವರನ್ನು ಹಿಂಬಾಲಿಸಿತೆಂದು ಹೇಳುವದಾದರೆ ಸತ್ಯಕ್ಕೆ ದೂರವಾದೀತು. ಅಮೆರಿಕದ ಮೆಥಡಿಸ್ಟರು 1784ರಲ್ಲಿ, ಸದಸ್ಯರು ತಮ್ಮ ಗುಲಾಮರನ್ನು ಬಿಡತಕ್ಕದ್ದೆಂದು ನಿಯಮಮಾಡಿ, ತೋಟದವರ ವಿರೋಧಕ್ಕೆ ಅಂಜಿ ಮಾರಣೆಯ ವರುಷವೇ ಅದನ್ನು ತಡೆದಿಟ್ಟರು. 1844ರಲ್ಲಿ ಆ ಸಭೆಯು ಇದೇ ಪ್ರಶ್ನೆಯ ಮೇಲೆ ಉತ್ತರ ದಕ್ಷಿಣವೆಂದು ಎರಡಾಗಿ ಒಡೆಯಿತು. ವೆಸ್ಲಿಯವರಿಗೂ ಈ ಭಯವಿದ್ದಿತು. ಮೆಥಡಿಸ್ಟರು ದುಡಿಯುತ್ತಾರೆ, ಉಳಿಸುತ್ತಾರೆ, ಆದಕಾರಣ ಹಣವಂತರಾಗುತ್ತಾರೆ. ಕೊಡುವದನ್ನು ಕಲಿಯದೆ ಹೋದರೆ ಹಣವೇ ಅವರ ಭಕ್ತಿಯನ್ನು ತಿಂದುಬಿಡುವದೆಂದು ಕಡೆಯ ವರುಷಗಳ ಪ್ರಸಂಗಗಳಲ್ಲಿ ಮತ್ತೆ ಮತ್ತೆ ಎಚ್ಚರಿಸಿದರು.

1785ರ ಜನವರಿಯಲ್ಲಿ, ಎಂಭತ್ತೊಂದು ವರುಷದ ಮುದುಕರು ಲಂಡನ್ನಿನ ಬೀದಿಗಳಲ್ಲಿ ಕರಗುವ ಹಿಮದಲ್ಲಿ ಹರಡು ಮುಳುಗುವಷ್ಟು ಆಳದಲ್ಲಿ ನಿಂತು, ಐದು ದಿವಸ ಮನೆಮನೆಗೆ ಹೋಗಿ 200 ಪವುಂಡುಗಳನ್ನು ಬೇಡಿ ತಂದರು. ಬಡವರಿಗೆ ಪ್ರತಿವರುಷ ಕೊಡುತ್ತಿದ್ದ ರೊಟ್ಟಿಯೂ ಕಲ್ಲಿದ್ದಲೂ ಸಾಲದು, ಬಟ್ಟೆಯೂ ಬೇಕೆಂದು ಅವರಿಗೆ ತೋರಿತ್ತು. ಬೆಳಿಗ್ಗೆಯಿಂದ ಸಾಯಂಕಾಲದ ವರೆಗೆ ಕಾಲು ನೀರಿನಲ್ಲಿ ನೆನೆದದ್ದರಿಂದ ಕಾಯಿಲೆ ಬಿದ್ದರು.

1791ರ ಫೆಬ್ರವರಿಯಲ್ಲಿ ದೇಹಶಕ್ತಿಯು ಕುಂದಿದ್ದಾಗ, ಆಫ್ರಿಕದವನೊಬ್ಬನು ಬರೆದ ಪುಸ್ತಕವನ್ನು ಓದಿದರು. ಅದು ಒಮ್ಮೆ ಗುಲಾಮನಾಗಿದ್ದು ಬಿಡುಗಡೆಹೊಂದಿದ ಒಲೌದ ಎಕ್ವಿಯಾನೊ ಎಂಬವನದೆಂದು ವಿದ್ವಾಂಸರ ಅಭಿಪ್ರಾಯ. ವಸಾಹತುಗಳಲ್ಲಿ ಬಿಳಿಯನ ವಿರುದ್ಧ ಕರಿಯನ ಸಾಕ್ಷಿಯು ನ್ಯಾಯಸ್ಥಾನದಲ್ಲಿ ಸಲ್ಲದೆಂಬ ಸಂಗತಿಯು ಅವರ ಮನಸ್ಸನ್ನು ವಿಶೇಷವಾಗಿ ಕಲಕಿತು. 24ನೆಯ ತಾರೀಖಿನಲ್ಲಿ, ಪಾರ್ಲಿಮೆಂಟಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸ್ ಎಂಬ ಯೌವನಸ್ಥರಿಗೆ, ಬೇಸರಪಡದೆ ಮುಂದುವರಿಯಬೇಕೆಂದು ಪತ್ರ ಬರೆದರು. ನಮಗೆ ತಿಳಿದಮಟ್ಟಿಗೆ ಅವರ ಕಡೆಯ ಪತ್ರ ಅದೇ. ಮಾರ್ಚಿ 2ರಲ್ಲಿ, ಎಂಭತ್ತೇಳನೆಯ ವಯಸ್ಸಿನಲ್ಲಿ, ಕರ್ತನಲ್ಲಿ ನಿದ್ರೆಹೋದರು. ಬ್ರಿಟಿಷ್ ಪಾರ್ಲಿಮೆಂಟು ಆ ವ್ಯಾಪಾರವನ್ನು ನಿಲ್ಲಿಸಿದ್ದು 1807ರಲ್ಲಿ. ವಸಾಹತುಗಳ ದಾಸತ್ವವನ್ನು ರದ್ದುಮಾಡುವ ಕಾನೂನು 1833ರಲ್ಲಿ.

ಬ್ರಿಟಿಷ್ ದ್ವೀಪಗಳಲ್ಲಿ ಅವರ ಸಂಘಗಳ ಸದಸ್ಯರು ಆಗ 70,000ಕ್ಕೆ ಮೇಲ್ಪಟ್ಟಿದ್ದರು. ಜನಜಂಗುಳಿಯಾಗದಂತೆ ಮಾರ್ಚಿ 9ರಲ್ಲಿ ಬೆಳಗಾಗುವದಕ್ಕೆ ಮುಂಚೆಯೇ ಸಿಟಿ ರೋಡಿನ ದೇವಾಲಯದ ಹಿಂದೆ ಸಮಾಧಿಮಾಡಿದರು. ಹೆಣದ ಬಂಡಿಯೂ ರಥವೂ ಆಡಂಬರವೂ ಕೂಡದೆಂದು ಅವರು ಮರಣಪತ್ರದಲ್ಲಿ ಬರೆದಿದ್ದರು. ಪೆಟ್ಟಿಗೆಯನ್ನು ಬಡವರಾದ ಆರು ಮಂದಿ ಹೊತ್ತುಕೊಂಡು ಹೋಗಬೇಕೆಂದೂ, ಅವರಿಗೆ ಒಟ್ಟು 6 ಪವುಂಡು, ಅಂದರೆ ಒಬ್ಬೊಬ್ಬರಿಗೆ 20 ಷಿಲಿಂಗು ಸಲ್ಲಿಸಬೇಕೆಂದೂ ಅದರಲ್ಲಿತ್ತು, ಹಾಗೆಯೇ ಸಲ್ಲಿಸಿದರು.